ಎಣ್ಣೆ ಕುಡಿದ ಹಲಗೆ

"ಎಂಥಾ ಅಂಟ್ಲಾ ತಂದಿದ್ದೀಯ? ಪೆಟ್ಟಿಗೆ ಎತ್ತುತ್ಲೇ ತಳ ಬಿದ್ದೋಯ್ತು! ಅಕ್ಕನ ಮನೇಲಿ ತಿನ್ನಕ್ ಮಾತ್ರ ಗೊತ್ತಾ ನಿಂಗೆ?"

ಬಾಮೈದ ನಿರಂಜನನ ಮೇಲೆ ಕೂಗಾಡಿದೆ. ಹಳೆಯ ಮಗ್ಗದ ಹಲಗೆ ಅಂಟಿಸಿ ನಾನೇ ಮಾಡಿದ್ದ ಪೆಟ್ಟಿಗೆಯಿಂದ ಉಳಿ, ಸುತ್ತಿಗೆ ಎಲ್ಲ ನನ್ನ ಕಾಲ ಬಳಿ ಚೆಲ್ಲಿದ್ದವು.

"ಮರಕ್ಕೆ ಈ ಬಿಳಿ ಅಂಟೇ ಸರಿ, ಭಾವ. ಮಗ್ಗದ ಹಲಗೆ ಅಲ್ವಾ, ಎಣ್ಣೆ ಉಜ್ಜಿ ತೆಗುದ್ರಾ?"

"ತೆಗ್ದೆ ಕಣ್ಲಾ! ನಂಗೇ ಏಳ್ಕೊಡೋಕ್ ಬರ್ತೀಯಾ?"

ಅವನು ಚೀಲ ಎತ್ತಿಕೊಂಡು ಹೊರಟ. ನನ್ನ ಹೆಂಡತಿ ರೋಜಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಿದ್ದ ಹಲಗೆ ಎತ್ತಿಕೊಂಡೆ. ಹಳೆಯ ಮಗ್ಗದಲ್ಲಿ ವರ್ಷಗಟ್ಟಲೆ ಕುಡಿದಿದ್ದ ಎಣ್ಣೆ ಬೆರಳಿಗೆ ಜಿಡ್ಡಾಗಿ ಹತ್ತಿತು. ನಾನು ಉಜ್ಜಿರಲೇ ಇಲ್ಲ. ಅದಕ್ಕೆ ಯಾವ ಅಂಟೂ ಹಿಡಿಯುತ್ತಿರಲಿಲ್ಲ.

ಆಗಲೇ ಅವನನ್ನು ಕೂಗಿ ಕರೆಯಬೇಕಿತ್ತು. ರೋಜಾಳ ಮುಂದೆ ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿ, ಬೆರಳನ್ನು ಪಂಚೆಗೆ ಒರೆಸಿಕೊಂಡೆ. ಅವನು ಯಳಂದೂರಿನ ಬಸ್ಸು ಹತ್ತಿ ಹೋದ. ದೀಪಾವಳಿಗೆ ಅಕ್ಕನೇ ಕರೆದರೂ ಬರಲಿಲ್ಲ.