ಬಿಸಿನೀರಿನಲ್ಲಿ ಎಣ್ಣೆವಾಸನೆ

ಮೊದಲು ಮೂಗು ಮುರಿದವಳು ಓಕ್ಬುನ್ ಅಜ್ಜಿ. ಸ್ನಾನದ ತೊಟ್ಟಿಯಲ್ಲಿ ಕುತ್ತಿಗೆಮಟ್ಟ ಮುಳುಗಿ ಕೂತಿದ್ದವಳು ಕಣ್ಣು ಬಿಡದೆಯೇ, "ಮಾಲ್ಸುಕ್, ಇವತ್ತು ನಮ್ಮನ್ನ ತೊಳೀತಿದ್ದೀಯೋ, ಕರೀತಿದ್ದೀಯೋ? ಎಣ್ಣೆ ವಾಸನೆ ಬರ್ತಿದೆಯಲ್ಲೇ!" ಎಂದಳು.

ಸುತ್ತ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಲ್ಸುಕ್ ಮಾತ್ರ ನಗಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ಮುದುಕಿ ಹೇಳಿದ್ದು ನಿಜ.

ದುಸೆಮ್ ಎಂಬುದು ಸಮುದ್ರಕ್ಕೆ ಕಾಲು ಚಾಚಿ ಕೂತ ಸಣ್ಣ ಊರು. ಅಲ್ಲಿ ಗಂಡ ಕಟ್ಟಿಸಿದ ಸಾರ್ವಜನಿಕ ಸ್ನಾನಗೃಹವನ್ನು ಅವನು ತೀರಿಹೋದ ಮೇಲೂ ಒಂದು ದಿನ ತಣ್ಣಗಾಗಲು ಬಿಡದೆ ನಡೆಸಿಕೊಂಡು ಬಂದವಳು ಬಾಂಗ್ ಮಾಲ್ಸುಕ್. ಹಿತ್ತಲ ಬಾವಿಯ ನೀರೇ ಅವಳ ಹೆಮ್ಮೆ. ಊರ ಹೆಂಗಸರಿಗೆ ಅಲ್ಲಿ ಮೈ ಉಜ್ಜಿಸಿಕೊಂಡು, ಬೇಯಿಸಿದ ಮೊಟ್ಟೆ ಸುಲಿದು ತಿಂದು, ಸೊಸೆಯರನ್ನು ಒಂದಿಷ್ಟು ಆಡಿಕೊಳ್ಳದೆ ವಾರ ಮುಗಿಯುತ್ತಿರಲಿಲ್ಲ.

ರಸ್ತೆಯಾಚೆ ತಾಕ್ ಗಿಲ್ಮೋನ ಪೆಟ್ರೋಲ್ ಬಂಕು. ಅವನು ಗಂಡನ ಜೀವದ ಗೆಳೆಯ. ಮಾಲ್ಸುಕ್ ಒದ್ದೆ ಚಪ್ಪಲಿಯಲ್ಲೇ ರಸ್ತೆ ದಾಟಿದಳು.

"ಏನಯ್ಯಾ ಗಿಲ್ಮೋ, ನಿನ್ನ ಟ್ಯಾಂಕು ಸೋರಿ ನನ್ನ ಬಾವಿಗೆ ಇಳಿದಿದೆ!"

"ಅಯ್ಯೋ ಅತ್ತಿಗೆ, ನನ್ನ ಟ್ಯಾಂಕು ಗಟ್ಟಿಮುಟ್ಟಾಗಿದೆ. ಮೊನ್ನೆ ಮೊನ್ನೆ ಹೊಸದು ಹಾಕ್ಸಿದ್ದು."

"ನಾನು ಕೇಳೋಕೆ ಮುಂಚೇನೇ ಹೊಸದು ಅಂತೀಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ!"

"ನೀವು ಕೇಳಿದ್ರಿ ಅತ್ತಿಗೆ, ಆಮೇಲೇ ನಾನು..."

ಅವನ ಮಾತು ಮುಗಿಯುವಷ್ಟರಲ್ಲಿ ಅವಳು ಮೀನು ಮಾರುಕಟ್ಟೆಯಲ್ಲಿದ್ದಳು. ಸಂಜೆಯೊಳಗೆ ಇಡೀ ಊರಿನ ಕಣ್ಣಿಗೆ ಗಿಲ್ಮೋ ಬಾವಿಗೆ ವಿಷ ಬೆರೆಸಿದವನಾಗಿದ್ದ. ಅವನ ಬಂಕಿಗೆ ಬರುವ ವಾಹನಗಳು ಕಡಿಮೆಯಾದವು. ಸ್ನಾನಗೃಹದ ಬಾಗಿಲಿಗೂ ಬೀಗ ಬಿತ್ತು.

ಜಿಲ್ಲೆಯಿಂದ ಮಣ್ಣು ಪರೀಕ್ಷಿಸಲು ಬಂದವಳು ಪ್ಯೋ ಯುರಿ ಎಂಬ ಹುಡುಗಿ. ಕೆಸರು ಮೆತ್ತಿದ ಬೂಟು, ಬಿಸಿಲಿಗೆ ಕಂದಿದ ಮುಖ. ರಸ್ತೆಯ ಎರಡೂ ಬದಿಗೆ ಯಂತ್ರದಿಂದ ತೂತು ಕೊರೆಸಿ ಕೊಳವೆ ಇಳಿಸಿದಳು. ಮೇಲೆ ಬಂದ ಮಣ್ಣನ್ನು ಚೀಲಕ್ಕೆ ತುಂಬಿ, ಎಣ್ಣೆಯ ಆವಿ ತಾಗಿದರೆ ಕೂಗುವ ಮೀಟರ್ ಹಿಡಿದಳು. ಪ್ರತಿ ಕೊಳವೆಗೂ ದಾರ ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆದಳು. ಮಾಲ್ಸುಕ್ ಬಾರ್ಲಿ ಕಷಾಯವನ್ನೂ ಅನ್ನದ ಸುರುಳಿಯನ್ನೂ ಹಿಡಿದು ಬೆನ್ನಿಗೇ ಇದ್ದಳು.

"ತಿನ್ನು ಮಗಳೇ. ತಿಂದು ಬರಕೋ, ಅವನ ಟ್ಯಾಂಕೇ ಅಂತ."

"ಮಣ್ಣು ಹೇಳ್ಲಿ ಅಮ್ಮಾ. ಅಲ್ಲೀವರ್ಗೂ ನಾವಿಬ್ರೂ ಬಾಯಿಗೆ ಅನ್ನ ಹಾಕ್ಕೊಂಡು ಸುಮ್ನಿರೋಣ."

ಮಣ್ಣು ಹೇಳಿತು. ಪ್ರಯೋಗಾಲಯದ ಉತ್ತರ ಬಂದ ದಿನ ಯುರಿ ಅಡುಗೆಮನೆಯ ಬೆಚ್ಚನೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಬಂಕಿನ ಟ್ಯಾಂಕಿಗೆ ಒತ್ತಡ ಹಾಕಿ ನೋಡಿದ್ವಿ ಅಮ್ಮಾ. ಒಂದು ತೊಟ್ಟೂ ಸೋರ್ತಿಲ್ಲ. ಇಲ್ಲಿ ನೆಲದೊಳಗಿನ ನೀರು ಗುಡ್ಡದಿಂದ ಸಮುದ್ರದ ಕಡೆ ಇಳಿಯುತ್ತೆ. ಬಂಕು ನಿಮ್ಮ ಬಾವಿಗಿಂತ ಕೆಳಗಿದೆ. ಅಲ್ಲಿನ ಎಣ್ಣೆ ಹಿಂದಕ್ಕೆ ಹತ್ತಿ ನಿಮ್ಮ ಮನೆಗೆ ಬರೋದು ಹೇಗೆ?"

"ಮತ್ತೆ ಎಲ್ಲಿಂದ ಬಂತು?"

"ಸಿಕ್ಕಿರೋದು ಪೆಟ್ರೋಲೇ ಅಲ್ಲ. ಬಾಯ್ಲರಿಗೆ ಉರಿಸೋ ಎಣ್ಣೆ, ಅದೂ ಹಳೇದು. ಬಾವಿಗಿಂತ ಮೇಲೆ, ಹಿತ್ತಲಲ್ಲಿ ನೀವು ಜಾಡಿ ಇಟ್ಟಿರೋ ಕಟ್ಟೆ ಹತ್ರ ನನ್ನ ಮೀಟರು ಬಾಯಿ ಬಡ್ಕೊಳ್ತು. ಆ ಕಟ್ಟೆ ಕೆಳಗೆ ಏನಿದೆ?"

ಮಾಲ್ಸುಕ್ ತಿರುಗಿ ಹಿತ್ತಲ ಕಡೆ ನೋಡಿದಳು. ಕಟ್ಟೆಯ ಮೇಲೆ ಅತ್ತೆಯ ಕಾಲದ ಸೋಯಾ ರಸ, ಹುದುಗು ಬರಿಸಿದ ಕಾಳಿನ ಹಿಟ್ಟು, ಮೆಣಸಿನ ಗೊಜ್ಜು, ಎಲ್ಲ ಸಣ್ಣ ದೊಡ್ಡ ಮಣ್ಣಿನ ಜಾಡಿಗಳಲ್ಲಿ ಬಿಸಿಲು ಕಾಯುತ್ತಿದ್ದವು. ಕೆಳಗೆ ಇದ್ದದ್ದು ಹಳೆಯ ಬಾಯ್ಲರಿನ ಎಣ್ಣೆ ಟ್ಯಾಂಕು. ಗ್ಯಾಸಿಗೆ ಬದಲಾದಾಗ ಗಂಡ ಅದನ್ನು ಬರಿದು ಮಾಡಿ ಮರಳು ತುಂಬಿಸಿದ್ದೇನೆ ಎಂದಿದ್ದ. ಅವಳು ನಂಬಿ ಮೇಲೆ ಕಟ್ಟೆ ಕಟ್ಟಿಸಿದ್ದಳು.

ಮುಖ ಕೆಂಪೇರಿತು. ಊರೆಲ್ಲ ಸಾರಿಕೊಂಡು ಬಂದದ್ದು ಕಿವಿಯಲ್ಲಿ ಗುಂಯ್ಗುಟ್ಟಿತು. ಆದರೆ ಅವಳಿಗೆ ಅರಿವಿಲ್ಲದೆಯೇ ಹೊಟ್ಟೆಯೊಳಗಿಂದ ನಗು ಉಕ್ಕಿತು. "ಸತ್ತ ಮೇಲೂ ನನ್ನ ಕೈಲಿ ಬೈಸ್ಕೋತೀಯಲ್ಲೋ, ಸೋಮಾರಿ!" ಎಂದು ಕಣ್ಣೊರೆಸಿಕೊಂಡಳು. ಯುರಿಗೂ ನಗು ತಡೆಯಲಾಗಲಿಲ್ಲ.

ಮಾತು ಹರಡಿದ್ದು ಮಾರುಕಟ್ಟೆಯಲ್ಲಿ. ಹಾಗಾಗಿ ಕ್ಷಮೆಯೂ ಅಲ್ಲೇ ಆಗಬೇಕೆಂದು ಹಟ ಹಿಡಿದು ಅವಳು ಗಿಲ್ಮೋನನ್ನು ತೋಳು ಹಿಡಿದು ಎಳೆದೊಯ್ದಳು. ಮೀನಿನ ಬುಟ್ಟಿಗಳ ನಡುವೆ ನಿಂತು, "ಸೋರಿದ್ದು ನನ್ನ ಹಿತ್ತಲಿಂದ. ತಪ್ಪು ನಂದು, ಇವನದಲ್ಲ. ಎಲ್ರೂ ಕೇಳಿಸ್ಕೊಂಡ್ರಾ?" ಎಂದು ಕೂಗಿದಳು.

ಗಿಲ್ಮೋ ಗಂಭೀರವಾಗಿ, "ಕೇಳಿಸ್ತು ಅತ್ತಿಗೆ. ಈಗ ಸ್ವಲ್ಪ ಹೆಗಲು ಮುಟ್ಟಿ ನೋಡ್ಕೊಳ್ಳಿ" ಎಂದ.

ಅವಳು ಎರಡೂ ಹೆಗಲು ಮುಟ್ಟಿಕೊಂಡಳು. ಮಾರುಕಟ್ಟೆ ನಗೆಯಲ್ಲಿ ಅದುರಿತು. ಮರುದಿನವೇ ಬಂಕಿನ ಮುಂದೆ ವಾಹನಗಳ ಸಾಲು.

ಟ್ಯಾಂಕು ತೆಗೆಯುವ ಮೊದಲು ಜಾಡಿಗಳನ್ನು ಇಳಿಸಬೇಕಿತ್ತು. ಕರೆಯದೆಯೇ ಹೆಂಗಸರು ಬಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಸಣ್ಣವನ್ನು ದಾಟಿಸಿದರು; ದೊಡ್ಡವನ್ನು ಇಬ್ಬಿಬ್ಬರು ಅಪ್ಪಿ ಒಯ್ದರು. ಓಕ್ಬುನ್ ಅಜ್ಜಿ ಸ್ಟೂಲಿನ ಮೇಲೆ ಕೂತು, "ಮದುಮಗನನ್ನ ಹಿಡ್ದಂಗೆ ಹಿಡೀರೇ! ಬಿಟ್ರೆ ಸಿಗಲ್ಲ!" ಎಂದು ಆಜ್ಞೆ ಕೊಡುತ್ತಿದ್ದಳು. ಒಂದು ಜಾಡಿಯೂ ಬಿರುಕು ಬಿಡಲಿಲ್ಲ. ಟ್ಯಾಂಕು ಮೇಲೆದ್ದಾಗ ಅದರ ತಳ ತುಕ್ಕು ತಿಂದು ಜರಡಿಯಾಗಿತ್ತು. ಒಳಗೆ ಮರಳಿನ ಸುಳಿವೇ ಇರಲಿಲ್ಲ. ಕಪ್ಪು ಮಣ್ಣನ್ನು ಲಾರಿಗೆ ತುಂಬುತ್ತ ಹೋದಂತೆ ಯುರಿಯ ಮೀಟರು ಮೆಲ್ಲಮೆಲ್ಲಗೆ ದನಿ ತಗ್ಗಿಸಿ, ಕೊನೆಗೆ ಸುಮ್ಮನಾಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ನೀರಿನ ಮೇಲೆ ತೇಲುವ ಎಣ್ಣೆಯನ್ನು ಹೀರಿ ತೆಗೆಯಲು ಚಳಿಗಾಲವೆಲ್ಲ ಬೇಕಾಯಿತು. ಅಲ್ಲಿಯವರೆಗೆ ಗಿಲ್ಮೋ ತನ್ನ ವ್ಯಾನಿನಲ್ಲಿ ಶನಿವಾರ ಶನಿವಾರ ಹೆಂಗಸರನ್ನು ಪಕ್ಕದ ಊರಿನ ಸ್ನಾನಗೃಹಕ್ಕೆ ಕರೆದೊಯ್ದ. ಮುಂದಿನ ಸೀಟು ಮಾಲ್ಸುಕ್‌ಳದು. ಹೋಗುವಾಗ ಹಾಡು, ಬರುವಾಗ ಆ ಊರಿನ ನೀರನ್ನು ಆಡಿಕೊಳ್ಳುವುದು.

ಚೆರ್ರಿ ಹೂ ಬಿಡುವ ಹೊತ್ತಿಗೆ ಬಾವಿಯ ನೀರು ಶುದ್ಧವೆಂದು ಯುರಿಯೇ ಬಂದು ಹೇಳಿದಳು. ಮಾಲ್ಸುಕ್ ಅವಳನ್ನು ವಾಪಸು ಬಿಡಲಿಲ್ಲ. ಬೂಟು ಕಳಚಿಸಿ, ತೊಟ್ಟಿಗಿಳಿಸಿ, ಬೆನ್ನು ಕೆಂಪಾಗುವವರೆಗೆ ಉಜ್ಜಿದಳು. "ಊರೆಲ್ಲದರ ಮಣ್ಣು ನಿನ್ನ ಮೈಮೇಲೇ ಇದೆಯಲ್ಲೇ ಕೂಸೇ!"

ಗೋಡೆಯಾಚೆ ಗಂಡಸರ ಕಡೆಯಿಂದ ಗಿಲ್ಮೋನ ಕೂಗು ಬಂತು: "ಅತ್ತಿಗೇ, ನೀರು ಕೊತಕೊತ ಕುದೀತಿದೆ!"

"ತಣ್ಣೀರು ಬೇಕಾದ್ರೆ ಸಮುದ್ರ ಬಿದ್ದಿದೆ, ಹೋಗಯ್ಯಾ!" ಎಂದು ಮಾಲ್ಸುಕ್ ಕೂಗಿದಳು. ಗೋಡೆಯಾಚೆ ದೊಪ್ಪನೆ ತೊಟ್ಟಿಗೆ ಬಿದ್ದ ಸದ್ದು, ಹಿಂದೆಯೇ "ಆಹಾ!" ಎಂಬ ದೀರ್ಘ ನಿಟ್ಟುಸಿರು ಕೇಳಿಸಿತು.