ಕಲ್ಲಾದ ಕುಂಚಿಗೆ

ಹಾವೇರಿಯ ಪ್ರದರ್ಶನಕ್ಕೆ ನಾನು ಶಿಲ್ಪ ಮಾಡುವಾಗ ಅಜ್ಜಿ ಉಚ್ಚಂಗೆವ್ವ ತಾನು ಕೆಂಪು ಖಣದ ಬಟ್ಟೆಯಲ್ಲಿ ಕೈಯಾರೆ ಹೊಲಿದ ಕುಂಚಿಗೆಯನ್ನು ಕೊಟ್ಟಿದ್ದಳು. ತೊಟ್ಟಿಲೇರುವ ದಿನ ನಮ್ಮ ಮನೆಯ ಕೂಸುಗಳೆಲ್ಲ ತಲೆಯಿಂದ ಬೆನ್ನಿನವರೆಗೆ ಹೊದ್ದದ್ದು ಅದನ್ನೇ. ಅದನ್ನು ಸಿಮೆಂಟ್ ನೀರಿನಲ್ಲಿ ಅದ್ದಿ, ರಾಣೆಬೆನ್ನೂರಿನ ಗುಜರಿಯಿಂದ ತಂದ ಪಂಪಿನ ಗಾಲಿಯ ಮೇಲೆ ನಿಲ್ಲಿಸಿದೆ. ಒಳಗೆ ಕೂಸು ಕುಳಿತಂತೆ ಉಬ್ಬಿ ನಿಂತಿತು. ನೋಡಿದವರೆಲ್ಲ ಹೊಗಳಿದರು.

ಪ್ರದರ್ಶನ ಮುಗಿದು ಶಿಲ್ಪ ಮನೆಗೆ ಬಂದಿದೆ. ಇಂದು ಅಕ್ಕನ ಮಗಳಿಗೆ ತೊಟ್ಟಿಲು. ಬ್ಯಾಡಗಿಯಿಂದ ಅಕ್ಕನ ಅತ್ತೆ-ಮಾವ ಬಂದು ಕುಳಿತಿದ್ದಾರೆ.

“ಹಬ್ಬದಾಗ ಗೌರಿಗೆ ಸೀರಿ ಉಡಿಸಿ ಆಮ್ಯಾಲೆ ಬಿಚ್ಚೂದಿಲ್ಲೇನ? ಹಂಗ ಬಿಚ್ಚಿ ಕೊಡವಾ,” ಎಂದಳು ಅಜ್ಜಿ.

“ಬಿಚ್ಚಾಕ ಬರೂದಿಲ್ಲಬೇ. ಕಲ್ಲಾಗೇತಿ.”

“ಕಲ್ಲಾದ ರಾಜಕುಮಾರಿ ಕಥಿ ಎಷ್ಟು ಸಲ ಹೇಳೇನಿ ನಿನಗ? ನೀರು ಚಿಮುಕಿಸಿದ್ರ ಎದ್ದು ಕುಂತಳಿಲ್ಲೇನ?”

ಕೂಸಿಗೆ ಎರೆಯಲು ಕಾಸಿದ್ದ ನೀರನ್ನೇ ಚರಿಗೆಯಲ್ಲಿ ತಂದು ಅಜ್ಜಿ ಶಿಲ್ಪದ ಮೇಲೆ ಸುರಿದಳು. ಅಂಚನ್ನು ಬೆರಳಿನಲ್ಲಿ ಹಿಸುಕಿದಳು. ಕೆಂಪು ಖಣದ ಚೂರೊಂದು ಮುರಿದು ಅವಳ ಅಂಗೈಗೆ ಬಂತು. ಅದನ್ನು ಸೆರಗಿಗೆ ಕಟ್ಟಿಕೊಂಡಳು.

“ಇನ್ನೊಂದು ಚರಿಗಿ ತಾ. ನೆನಿಬೇಕದು.”

ಬಾಗಿಲಲ್ಲಿ ಅಕ್ಕ ಬರಿದಲೆಯ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅವಳ ಮುಖ ನೋಡಲಾರದೆ ನಾನು ನೀರು ತರಲು ಹೋದೆ.