ನೀರಿಗೆ ನಿಂತ ವಾಷರ್

ಮಿಲಿಟರಿಯವರು ಬಳಸಿ ಬಿಟ್ಟ ಇಪ್ಪತ್ತು ಲೀಟರಿನ ಪೆಟ್ರೋಲ್ ಕ್ಯಾನು ಬಳ್ಳಾರಿಯ ಗುಜರಿಯಿಂದ ಚಳ್ಳಕೆರೆಯ ನನ್ನ ಅಂಗಡಿಗೆ ಬಂದು ಇಳಿಯುವ ಹೊತ್ತಿಗೆ ನಾನೂರೈವತ್ತು ರೂಪಾಯಿ ಆಗಿರುತ್ತದೆ. ಹುಣಸೆಹಣ್ಣು, ವಾಷಿಂಗ್ ಸೋಡಾ, ಹಸಿರು ಬಣ್ಣ ಸೇರಿ ಎಪ್ಪತ್ತು. ಮುಚ್ಚಳದೊಳಗೆ ಕೂರುವ ವಾಷರನ್ನು ಬೆಂಗಳೂರಿನಿಂದ ತರಿಸಿದರೆ ಎಂಬತ್ತೈದು. ಅದೇ ವಾಷರನ್ನು ಹಳೇ ಲಾರಿ ಟ್ಯೂಬಿನಲ್ಲಿ ಕತ್ತರಿಸಿಕೊಂಡರೆ ಖರ್ಚೇ ಇಲ್ಲ.

ಕೆಲಸ ದೊಡ್ಡದಲ್ಲ, ತಾಳ್ಮೆ ಬೇಕು. ಹಳ್ಳದ ಸಣ್ಣ ಕಲ್ಲು, ಹುಣಸೆ ನೀರು ಒಳಗೆ ಹಾಕಿ ಒಂದು ಗಂಟೆ ಕಾಲಲ್ಲಿ ಉರುಳಿಸಿದರೆ ತುಕ್ಕು ಬಿಡುತ್ತದೆ. ಸೋಡಾ ನೀರಲ್ಲಿ ತೊಳೆದು ಕಾದ ಬಂಡೆಯ ಮೇಲೆ ಬೋರಲು ಹಾಕಬೇಕು. ಕಡೆಯಲ್ಲಿ ವಾಷರ್. ಟ್ಯೂಬಿನ ರಬ್ಬರು ಪೆಟ್ರೋಲಿಗೆ ಆಗಿಬರುವುದಿಲ್ಲ. ಪೆಟ್ರೋಲ್ ಕುಡಿದು ಊದುತ್ತದೆ, ಮೆತ್ತಗಾಗಿ ಜಾಗ ಬಿಟ್ಟು ಹೊರಗೆ ಬರುತ್ತದೆ. ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿರುವ ನನಗೆ ಇದು ಗೊತ್ತು.

ಶಿವರಾತ್ರಿ ಕಳೆದ ವಾರ ಬೆಳಿಗ್ಗೆ ದೊಡ್ಡೀರಪ್ಪ ಬಂದ. ನಾಯಕನಹಟ್ಟಿ ಕಡೆಯ ಗೊಲ್ಲರಹಟ್ಟಿಯವನು, ಕುರಿ ಸಾಕಿಕೊಂಡವನು. ಅವನ ಹಿಂಡು ದೇವಸಮುದ್ರದ ಕಡೆ ಮೇಯಲು ಹೊರಟಿತ್ತು. ದೊಡ್ಡ ಕುರಿಗಳು ನಡೆದೇ ಹೋಗುತ್ತವೆ. ಹುಟ್ಟಿ ಹದಿನೈದು ದಿನವೂ ಆಗದ ಮರಿಗಳು, ಪಾತ್ರೆ, ಹಾಸಿಗೆ ಮಾತ್ರ ಬಾಡಿಗೆಯ ಮೂರು ಚಕ್ರದ ಅಪ್ಪೆ ಗಾಡಿಯಲ್ಲಿ. ಹೊಂಡದಿಂದ ನೀರೆತ್ತಲು ಹೊಸದಾಗಿ ಒಂದು ಪೆಟ್ರೋಲ್ ಮೋಟಾರು ಕೊಂಡಿದ್ದ. ಅದಕ್ಕೆ ಕ್ಯಾನು ಬೇಕಿತ್ತು.

ಒಳ್ಳೆಯ ವಾಷರ್ ಮುಗಿದಿತ್ತು.

"ನಾಡಿದ್ದು ಬಾರಪ್ಪ," ಅಂದೆ.

"ನಾಡಿದ್ದು ನಾನು ಎಲ್ಲಿರ್ತೀನಿ ಅಂತ ನನ್ನ ಕುರೀನೇ ಕೇಳ್ಬೇಕು. ಗಾಡಿ ಕಾಯ್ತಾ ಐತೆ, ಕೊಡಣ್ಣ. ನಿನ್ನತ್ರ ಇಲ್ಲ ಅಂದ್ರೆ ಇನ್ಯಾರತ್ರ ಹೋಗ್ಲಿ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಟ್ಯೂಬು ಕತ್ತರಿಸಿ ಕೂರಿಸಿದೆ. ನೀರು ತುಂಬಿ, ಮುಚ್ಚಳ ಒತ್ತಿ, ಬುಡಮೇಲು ಮಾಡಿ ತೋರಿಸಿದೆ. ಒಂದು ಹನಿಯೂ ಬೀಳಲಿಲ್ಲ.

"ಮಲಗಿಸಿ ಇಟ್ರೂ ಸೋರಲ್ವಾ?"

"ನೀನೇ ನೋಡ್ತಿದೀಯಲ್ಲ."

ವಾಷರ್ ಟ್ಯೂಬಿನದು ಅಂತ ಹೇಳಲಿಲ್ಲ. ನಾಲ್ಕು ದಿನ ತಡೆದೀತು, ಬೆಂಗಳೂರಿನ ಪಾರ್ಸೆಲ್ ಬಂದ ಮೇಲೆ ಒಳ್ಳೆಯದನ್ನು ಬಸ್ಸಿಗೆ ಹಾಕಿ ಕಳಿಸೋಣ ಅಂದುಕೊಂಡೆ.

ಮೂರನೇ ದಿನ ಮಧ್ಯಾಹ್ನ ಅವನ ಫೋನು ಬಂತು.

"ಪಾಲಣ್ಣ, ನಮ್ಮ ದೊಡ್ಡಪ್ಪ ಕ್ಯಾತಪ್ಪ ಇಲ್ಲೇ ಕೂತವ್ನೆ. ಎಲ್ಲರಿಗೂ ಕೇಳೋ ಹಂಗೆ ಫೋನು ಇಟ್ಟೀನಿ. ಒಂದೇ ಮಾತು ಹೇಳು. ನೀನು ಕೊಟ್ಟ ಕ್ಯಾನು, ಮುಚ್ಚಳ ಸರಿಯಾಗಿ ಹಾಕಿದ್ರೆ ಸೋರ್ತದಾ?"

"ಯಾಕೆ, ಏನಾಯ್ತು?"

"ಇಪ್ಪತ್ತೊಂದು ಮರಿ ಹೋದ್ವು. ಬಿಸಿಲು ಅಂತ ಟಾರ್ಪಾಲು ಬಿಗಿದು ಕಟ್ಟಿದ್ವಿ. ದೇವಸಮುದ್ರದತ್ರ ಬಿಚ್ಚಿ ನೋಡಿದ್ರೆ ಹಾಸಿಗೆಯೆಲ್ಲ ಪೆಟ್ರೋಲು. ವಾಸನೆಗೆ ಉಸಿರು ಕಟ್ಟಿ ಸತ್ತವ್ವೆ. ಕಡೇ ಸಲ ಮುಚ್ಚಳ ಹಾಕ್ದೋಳು ಇವಳು, ನನ್ನ ಹೆಂಡ್ತಿ ಜುಂಜಮ್ಮ. ಭದ್ರ ಹಾಕೀನಿ ಅಂತ ನಮ್ಮ ದೇವ್ರು ಜುಂಜಪ್ಪನ ಮೇಲೆ ಆಣೆ ಮಾಡ್ತಾಳೆ. ಸೋರಲ್ಲ ಅಂತ ನೀನು ಹೇಳು, ಇವಳನ್ನ ಇವತ್ತೇ ತವರಿಗೆ ಕಳಿಸ್ತೀನಿ."

ಸೋರಲ್ಲ ಅಂದಿದ್ದರೆ ಅಲ್ಲಿಗೆ ಮುಗಿದು ಹೋಗುತ್ತಿತ್ತು. ಸೋರ್ತದೆ ಅನ್ನುವ ಧೈರ್ಯವೂ ಆಗ ಇರಲಿಲ್ಲ.

"ನಾನೇ ಬರ್ತೀನಿ," ಅಂದೆ. "ಅಲ್ಲೀವರೆಗೆ ಆ ಕ್ಯಾನು ಯಾರೂ ಮುಟ್ಟಬೇಡಿ. ಹತ್ತಿರ ಬೀಡಿ ಹಚ್ಚಬೇಡಿ."

ಅಂದು ಬೆಳಿಗ್ಗೆ ಬಂದಿದ್ದ ಪಾರ್ಸೆಲ್ಲಿನಿಂದ ಒಂದು ವಾಷರ್, ಟ್ಯೂಬಿನ ಒಂದು ತುಂಡು ಜೇಬಿಗೆ ಹಾಕಿಕೊಂಡೆ. ಎರಡು ಬಸ್ಸು ಬದಲಾಯಿಸಿ ಅಲ್ಲಿ ಸೇರಲು ಮೂರು ಗಂಟೆ ಹಿಡಿಯಿತು.

ರಸ್ತೆ ಪಕ್ಕದ ಹೊಲದಲ್ಲಿ ಗುಂಡಿ ಮುಚ್ಚಿ ಮೇಲೆ ಜಾಲಿಮುಳ್ಳು ಎಳೆದಿದ್ದರು. ಮರಿ ಕಳೆದುಕೊಂಡ ತಾಯಿಕುರಿಗಳು ಗಾಡಿ ಸುತ್ತ ಅರಚುತ್ತಿದ್ದವು. ಅವುಗಳ ಕೆಚ್ಚಲು ಕಲ್ಲಿನಂತೆ ಬಿಗಿದಿತ್ತು. ಜುಂಜಮ್ಮ ಒಂದೊಂದನ್ನೇ ಹಿಡಿದು ಹಾಲನ್ನು ನೆಲಕ್ಕೆ ಕರೆಯುತ್ತಿದ್ದಳು. ಅವಳ ಎಡಗೆನ್ನೆ ಊದಿತ್ತು. ಪಕ್ಕದಲ್ಲಿ ಬಟ್ಟೆಯ ಗಂಟು ಕಟ್ಟಿಟ್ಟಿತ್ತು.

ಕ್ಯಾನಿನ ಮುಚ್ಚಳದ ಕೊಂಡಿ ಬಿಗಿಯಾಗಿಯೇ ಕೂತಿತ್ತು. ಅದರ ಸಂದಿಯಿಂದ ವಾಷರ್ ನಾಲಿಗೆಯಂತೆ ಹೊರಗೆ ಇಣುಕಿತ್ತು.

"ಮುಚ್ಚಳ ಸರಿಯಾಗೇ ಹಾಕ್ಯಾಳೆ," ಅಂದೆ. "ತಪ್ಪು ನಂದು. ಇದು ಟ್ಯೂಬಿನ ರಬ್ಬರು."

ದೊಡ್ಡೀರಪ್ಪ ನಂಬಲಿಲ್ಲ. "ನೀನು ನೀರು ತುಂಬಿ ಬೋರಲು ಹಾಕಿ ತೋರಿಸ್ದೆ, ನನ್ನ ಕಣ್ಣಾರೆ ನೋಡೀನಿ. ಈಗ ಹೆಣ್ಣು ಮಗಳು ಅಂತ ಕರುಳು ಚುರ್ ಅಂತದಾ ನಿಂಗೆ? ನೀನು ಯಾವಾಗ್ಲೂ ಹಿಂಗೇ, ಜಗಳ ಕಂಡ್ರೆ ನೀರು ಹಾಕೋ ಮನುಷ್ಯ."

ಒಂದು ಸ್ಟೀಲ್ ಲೋಟ ಕೇಳಿದೆ. ಕ್ಯಾನಿನಲ್ಲಿ ಉಳಿದ ಪೆಟ್ರೋಲು ಬಗ್ಗಿಸಿ, ಜೇಬಿನ ಎರಡೂ ರಬ್ಬರನ್ನು ಅದರೊಳಗೆ ಬಿಟ್ಟೆ. ಮೇಲೆ ತಟ್ಟೆ ಮುಚ್ಚಿ ಎಲ್ಲರೂ ದೂರ ಕೂತೆವು. ಒಂದೂವರೆ ಗಂಟೆ ಕಾದೆವು. ಕುರಿಗಳು ಅರಚುತ್ತಲೇ ಇದ್ದವು.

ತೆಗೆದಾಗ ಬೆಂಗಳೂರಿನ ವಾಷರ್ ಹಾಕಿದಂತೆಯೇ ಇತ್ತು. ಟ್ಯೂಬಿನ ತುಂಡು ಎರಡರಷ್ಟು ದಪ್ಪವಾಗಿತ್ತು. ಕ್ಯಾತಪ್ಪ ಅದನ್ನು ಬೆರಳಲ್ಲಿ ಹಿಸುಕಿದ. ನೆನೆದ ಅವಲಕ್ಕಿಯಂತೆ ಹರಿದು ಬಂತು.

"ನಿಂಗೆ ಇದು ಮೊದ್ಲೇ ಗೊತ್ತಿತ್ತಾ?" ದೊಡ್ಡೀರಪ್ಪ ಕೇಳಿದ.

"ಗೊತ್ತಿತ್ತು."

"ಒಂದು ಮಾತು ಹೇಳಿದ್ರೆ ಮರಿಗಳ ಜೊತೆ ಇಡ್ತಿರಲಿಲ್ಲ. ಬೈಕಿಗೆ ಕಟ್ಕೊಂಡು ಹೋಗ್ತಿದ್ದೆ."

ಅವನು ಎದ್ದು ಹೊಂಡದ ಕಡೆ ಹೋದ. ಹೆಂಡತಿಯ ಮುಖ ನೋಡಲಿಲ್ಲ.

ಕ್ಯಾತಪ್ಪ ಕೈ ಒರೆಸಿಕೊಂಡ. "ಜುಂಜಮ್ಮ, ಗಂಟು ಬಿಚ್ಚವ್ವ. ಎಲ್ಲೂ ಹೋಗೋದು ಬ್ಯಾಡ."

ಅವಳು ಬಿಚ್ಚಲಿಲ್ಲ. ಹಿಡಿದಿದ್ದ ಕುರಿಯ ಹಾಲು ಪೂರ್ತಿ ಕರೆದು ಬಿಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ಫೋನು ಬಂದಾಗ್ಲೇ ಈ ಮಾತು ಹೇಳ್ಬಹುದಿತ್ತಲ್ಲಣ್ಣ. ಆಗಿನ್ನೂ ಹೊಡೆದಿರಲಿಲ್ಲ."

ಆ ತಿಂಗಳು ಇದ್ದ ಕ್ಯಾನುಗಳನ್ನೆಲ್ಲ ಮಾರಿ ದುಡ್ಡು ಕಳಿಸಿದೆ. ಏಳು ಮರಿಗೆ ಸಾಕಾಯಿತು, ಉಳಿದ ಹದಿನಾಲ್ಕಕ್ಕೆ ಆಗಲಿಲ್ಲ. ಜುಂಜಮ್ಮ ಹಿಂಡಿನ ಜೊತೆಯೇ ಇದ್ದಾಳೆ. ಗಂಡ ಹೆಂಡತಿ ಮಾತಾಡುವುದು ಕಡಿಮೆ ಅಂತ ಆ ಕಡೆಯಿಂದ ಬಂದವರು ಹೇಳುತ್ತಾರೆ. ಆ ಹಟ್ಟಿಯವರು ಯಾರೂ ಮತ್ತೆ ನನ್ನ ಅಂಗಡಿಗೆ ಬಂದಿಲ್ಲ.